ಮೀನು ಆರಾಮ, ಸಿಗಡಿ ಮಾತ್ರ ಸಾಯುತ್ತಿವೆ: ಗಿಡದ ಅಕ್ವೇರಿಯಂನಲ್ಲಿ ದೋಷ ಹಿಡಿಯುವ ಬಗೆ

ಮೀನು, ಸಿಗಡಿ, ಗಿಡ ಮೂರೂ ಒಂದೇ ಟ್ಯಾಂಕಿನಲ್ಲಿದ್ದು ಏನೋ ಕೆಟ್ಟಿತು ಎಂದಾಗ ಅಂಗಡಿಗೆ ಹೋದವರು ಕೇಳುವುದು ಒಂದೇ ಮಾತು: ಯಾವ ಔಷಧ ಹಾಕಲಿ? ಆ ಪ್ರಶ್ನೆಯನ್ನು ಸ್ವಲ್ಪ ಬದಿಗಿಡಿ. ಮೊದಲು ಸತ್ತದ್ದು ಯಾವುದು, ಯಾವ ಹೊತ್ತಿನಲ್ಲಿ, ಒಂದೊಂದಾಗಿಯೋ ಒಟ್ಟಿಗೋ? ಈ ಮೂರಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಕಾರಣ ಸಿಕ್ಕಂತೆಯೇ. ಮೀನಿಗೂ ಸಿಗಡಿಗೂ ಒಂದೇ ವಿಷ ಒಂದೇ ಥರ ತಾಗುವುದಿಲ್ಲ, ಹಾಗಾಗಿ ಸಾವಿನ ಸರದಿಯೇ ಇಲ್ಲಿ ಸಾಕ್ಷಿ.

ಇಲ್ಲಿರುವ ಲೆಕ್ಕವೆಲ್ಲ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕಿಗೆ. ಮಣ್ಣು, ಕಲ್ಲು ಕಳೆದರೆ ಅದರಲ್ಲಿ ನಿಲ್ಲುವ ನೀರು ಸುಮಾರು 50 ಲೀಟರ್. ಸಿಗಡಿ ಎಂದರೆ ಸಾಮಾನ್ಯವಾಗಿ ಸಿಗುವ ಚೆರ್ರಿ ಸಿಗಡಿ. ಕೈಯಲ್ಲಿರಬೇಕಾದವು: ಥರ್ಮಾಮೀಟರ್, ಆರ್‌ಒ ರಿಪೇರಿಯವರ ಬಳಿ ಇರುವಂಥ ಟಿಡಿಎಸ್ ಪೆನ್ (ನೀರಿನಲ್ಲಿ ಕರಗಿದ ಲವಣವೆಲ್ಲ ಸೇರಿ ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ತೋರಿಸುವುದು), ಜಿಎಚ್ (ಸುಣ್ಣ, ಮೆಗ್ನೀಸಿಯಂನಿಂದ ಬರುವ ಗಡಸುತನ, ಡಿಗ್ರಿಯಲ್ಲಿ) ಮತ್ತು ಕೆಎಚ್ (ಕಾರ್ಬೊನೇಟ್ ಗಡಸುತನ, ಡಿಗ್ರಿಯಲ್ಲಿ) ನೋಡುವ ಹನಿ ಕಿಟ್, ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಕಿಟ್, ಒಂದು ಟಾರ್ಚ್. ಪಟ್ಟಿ ಅದ್ದಿ ಬಣ್ಣ ನೋಡುವ ಕಿಟ್ ಅಂದಾಜಿಗೆ ಸರಿ, ನಿರ್ಧಾರಕ್ಕೆ ಸಾಲದು.

ಕಾರಣ ಗೊತ್ತಾಗುವವರೆಗೆ ಎರಡು ಕೆಲಸ ಮಾಡಬೇಡಿ. ಟ್ಯಾಂಕಿನ ನೀರನ್ನೆಲ್ಲ ಚೆಲ್ಲಿ ಹೊಸದು ತುಂಬುವುದು ಒಂದು. ಫಿಲ್ಟರ್ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ತೊಳೆಯುವುದು ಇನ್ನೊಂದು. ಅರ್ಧ ಬದುಕಿದ ಟ್ಯಾಂಕು ಪೂರ್ತಿ ಸಾಯುವುದು ಹೆಚ್ಚಾಗಿ ಈ ಎರಡರಿಂದಲೇ.

ಸತ್ತಿದೆಯೋ, ಪೊರೆ ಕಳಚಿದೆಯೋ?

ತಳದಲ್ಲಿ ಬಿದ್ದದ್ದನ್ನು ಟಾರ್ಚ್ ಬೆಳಕಿಗೆ ಹಿಡಿಯಿರಿ. ಗಾಜಿನಂತೆ ಆಚೆ ಕಂಡು, ಒಳಗೆ ಟೊಳ್ಳಾಗಿ, ಬೆನ್ನ ಮೇಲೆ ತಲೆ ಮತ್ತು ಹೊಟ್ಟೆಯ ನಡುವೆ ಸೀಳಿದ್ದರೆ ಅದು ಕಳಚಿದ ಪೊರೆ. ಅದನ್ನು ತೆಗೆಯಬೇಡಿ, ಬೇರೆ ಸಿಗಡಿಗಳು ತಿಂದು ಅದರ ಸುಣ್ಣವನ್ನು ವಾಪಸು ಪಡೆಯುತ್ತವೆ. ಸತ್ತ ಸಿಗಡಿ ಬೇಯಿಸಿದಂತೆ ಗುಲಾಬಿ ಅಥವಾ ಹಾಲು ಬಣ್ಣಕ್ಕೆ ತಿರುಗಿ ಮಸುಕಾಗಿರುತ್ತದೆ. ಅದನ್ನು ಕೂಡಲೇ ತೆಗೆಯಿರಿ.

ಹೆಣವೂ ಇಲ್ಲ, ಸಿಗಡಿಯೂ ಇಲ್ಲ ಎಂದರೆ ಮೊದಲು ಫಿಲ್ಟರ್ ಬಿಚ್ಚಿ ನೋಡಿ. ಗಾಜಿಗೆ ನೇತು ಹಾಕುವ ಫಿಲ್ಟರಿನ ನೀರೆಳೆಯುವ ಕೊಳವೆಗೆ ಸ್ಪಂಜು ತೊಡಿಸದಿದ್ದರೆ ಮರಿಗಳು ಒಳಗೆ ಹೋಗಿ ಅಲ್ಲೇ ಹಾಯಾಗಿ ದೊಡ್ಡವಾಗಿರುತ್ತವೆ. ಆಮೇಲೆ ಟ್ಯಾಂಕಿನ ಹಿಂದೆ ನೆಲ ನೋಡಿ. ನೀರು ಸರಿಹೋಗದ ಸಿಗಡಿ ಮುಚ್ಚಳವಿಲ್ಲದ ಟ್ಯಾಂಕಿನಿಂದ ಹತ್ತಿ ಹೊರಬಿದ್ದು ಒಣಗುತ್ತದೆ.

ತದ್ವಿರುದ್ಧ ದೂರು ಕೂಡ ಇದೆ: ಸಿಗಡಿ ಕ್ಷೇಮ, ರಾತ್ರಿಗೊಂದರಂತೆ ಮೀನು ಮಾಯ. ಭೀಮಾ ನದಿಯಿಂದಲೋ ಕೆರೆಯಿಂದಲೋ ಹಿಡಿದು ತಂದ ಸಿಗಡಿಯಾಗಿದ್ದು, ಮುಂದಿನ ಒಂದು ಜೋಡಿ ಕೈ ಉದ್ದಕ್ಕಿದ್ದು ತುದಿಯಲ್ಲಿ ಇಕ್ಕಳವಿದ್ದರೆ ಕಳ್ಳ ಅದೇ. ಅದು ಬೇರೆ ಜಾತಿ, ಮಲಗಿದ ಮೀನನ್ನು ಹಿಡಿದು ತಿನ್ನುತ್ತದೆ. ಅದಕ್ಕೆ ಬೇರೆ ಟ್ಯಾಂಕೇ ಬೇಕು.

ಸಿಗಡಿ ಎಲ್ಲ ಒಂದೇ ದಿನ, ಮೀನಿಗೆ ಏನೂ ಇಲ್ಲ

ಇದು ವಿಷ. ಬೇರೆ ಅನುಮಾನವೇ ಬೇಡ. ಸಿಗಡಿ ಹುಳುವಿನ ದಾಯಾದಿ. ಹುಳು ಕೊಲ್ಲಲು ಮಾಡಿದ್ದೆಲ್ಲ ಅದನ್ನೂ ಕೊಲ್ಲುತ್ತದೆ, ಮೀನನ್ನು ಕೊಲ್ಲದಷ್ಟು ಕಡಿಮೆ ಪ್ರಮಾಣದಲ್ಲೂ. ಸಾಯುವ ಮೊದಲು ಸಿಗಡಿ ಹುಚ್ಚು ಹಿಡಿದಂತೆ ಸುತ್ತಿ ಈಜುತ್ತದೆ, ಆಮೇಲೆ ಮಗ್ಗುಲಿಗೆ ಬಿದ್ದು ಕಾಲು ಅದುರಿಸುತ್ತದೆ.

ಕಳೆದ ಎರಡು ದಿನ ಮನೆಯಲ್ಲಿ ಏನೇನು ನಡೆಯಿತು, ನೆನಪು ಮಾಡಿ. ಜಿರಳೆ ಸ್ಪ್ರೇ, ಸೊಳ್ಳೆ ಬತ್ತಿ, ಗೋಡೆಗೆ ಚುಚ್ಚುವ ಸೊಳ್ಳೆ ಲಿಕ್ವಿಡ್ ಇವನ್ನು ಟ್ಯಾಂಕಿರುವ ಕೋಣೆಯಲ್ಲಿ ಬಳಸಿದ್ದರೆ ಏರ್ ಪಂಪು ಆ ಗಾಳಿಯನ್ನೇ ಎಳೆದು ನೀರಿನೊಳಗೆ ಊದಿರುತ್ತದೆ. ನಾಯಿಗೆ ಉಣ್ಣೆ ಔಷಧ ಹಚ್ಚಿದ ಕೈ, ತಲೆಗೆ ಹೇನಿನ ಶಾಂಪೂ ಹಾಕಿದ ಕೈ ನೀರಿಗೆ ಹೋಗಿರಬಹುದು. ತೊಗರಿ ಹೂ, ಕಾಯಿ ಹಿಡಿಯುವ ಹೊತ್ತಿನಲ್ಲಿ, ಯಾದಗಿರಿ ಕಡೆ ಹತ್ತಿಗೆ ಔಷಧ ಹೊಡೆಯುವ ದಿನಗಳಲ್ಲಿ, ಹೊಲದಿಂದ ಬಂದವರು ಸೋಪು ಹಚ್ಚಿ ತೊಳೆದ ಮೇಲೂ ಆ ಕೈಯನ್ನು ಟ್ಯಾಂಕಿಗೆ ಹಾಕದಿರುವುದೇ ಒಳ್ಳೆಯದು. ಡೆಂಗಿ ಕಾಲದಲ್ಲಿ ಲಾರ್ವಾ ಸಮೀಕ್ಷೆಗೆ ಬಂದವರು ನೀರಿನ ಸಂಪಿಗೆ ಸೊಳ್ಳೆ ಮರಿ ಕೊಲ್ಲುವ ಟೆಮಿಫಾಸ್ ಹಾಕಿದ್ದರೆ ಆ ನೀರು ಕೆಲವು ವಾರ ಸಿಗಡಿಗೆ ಬೇಡ. ಕೂಲರ್ ನೀರಿಗೆ ಸೊಳ್ಳೆ ಔಷಧ ಸುರಿಯುವ ಮನೆಗಳಲ್ಲಿ ಕೂಲರಿನ ಗಾಳಿ ಟ್ಯಾಂಕಿನ ಮೇಲೇ ಬೀಸುತ್ತಿರುತ್ತದೆ, ಇದು ಯಾರಿಗೂ ಹೊಳೆಯುವುದಿಲ್ಲ.

ಹೊಸ ಗಿಡ ತಂದು ಮರುದಿನ ಸತ್ತರೆ ಗಿಡಕ್ಕೆ ಹೊಡೆದ ಔಷಧ. ಗಿಡವನ್ನು ಬಕೀಟಿನಲ್ಲಿಟ್ಟು, ದಿನಾ ನೀರು ಬದಲಿಸಿ, 7ರಿಂದ 14 ದಿನ ಕಾದು ಹಾಕಬೇಕು. ಡಬ್ಬಿಯಲ್ಲಿ ಜೆಲ್ಲಿಯ ಮೇಲೆ ಬೆಳೆದು ಬರುವ ಟಿಶ್ಯೂ ಕಲ್ಚರ್ ಗಿಡಕ್ಕೆ ಈ ಕಾಟವಿಲ್ಲ, ಜೆಲ್ಲಿ ತೊಳೆದರೆ ಸಾಕು. ಮಾರ್ಕೆಟಿನ ಪಾಲಕ್ ಬೇಯಿಸಿ ಹಾಕುವವರು ಅದನ್ನೂ ಅನುಮಾನಿಸಿ.

ಇನ್ನೊಂದು ಹಂತಕ ತಾಮ್ರ. ಚಳಿಗಾಲದಲ್ಲಿ, ಅದರಲ್ಲೂ ಬೀದರ್ ಚಳಿಗೆ, ರಾತ್ರಿ ನೀರು ತಣ್ಣಗಾಗಿ ಮೀನಿನ ಮೈಮೇಲೆ ಬಿಳಿ ಚುಕ್ಕೆ ಏಳುತ್ತದೆ. ಅಂಗಡಿಯಿಂದ ಬಿಳಿ ಚುಕ್ಕೆ ಔಷಧ ಬರುತ್ತದೆ. ಅದರಲ್ಲಿ ತಾಮ್ರದ ಉಪ್ಪೋ ಮ್ಯಾಲಕೈಟ್ ಗ್ರೀನೋ ಇರುತ್ತದೆ. ಮೀನು ಉಳಿಯುತ್ತದೆ, ಸಿಗಡಿ ಹೋಗುತ್ತದೆ. ಸರಿಯಾದ ದಾರಿ ಎಂದರೆ ಮೀನುಗಳನ್ನೆಲ್ಲ ಬೇರೆ ಬಕೀಟಿಗೆ ಹಾಕಿ ಅಲ್ಲಿ ಔಷಧ ಕೊಡುವುದು. ಟ್ಯಾಂಕನ್ನು 26 ಡಿಗ್ರಿಯಲ್ಲಿ ಎರಡು ವಾರ ಮೀನಿಲ್ಲದೆ ಬಿಟ್ಟರೆ ಮೀನು ಸಿಗದ ಆ ಪರಾವಲಂಬಿ ತಾನೇ ಸಾಯುತ್ತದೆ. ತಾಮ್ರದ ಬಿಂದಿಗೆಯಲ್ಲಿ ರಾತ್ರಿ ಇಟ್ಟ ನೀರು ಮನುಷ್ಯರಿಗೇ ಇರಲಿ. ಗಿಡದ ಗೊಬ್ಬರದಲ್ಲೂ ತಾಮ್ರವಿದೆ ಎಂದು ಹೆದರುವವರಿದ್ದಾರೆ. ಹೇಳಿದ ಪ್ರಮಾಣದಲ್ಲಿ ಹಾಕಿದರೆ ಅಷ್ಟು ಕಡಿಮೆ ತಾಮ್ರ ಏನೂ ಮಾಡದು.

ವಿಷ ಖಚಿತವಾದರೆ ಮಾತ್ರ ದೊಡ್ಡ ಪ್ರಮಾಣದಲ್ಲಿ ನೀರು ಬದಲಿಸಬೇಕು: ಅದೇ ಟಿಡಿಎಸ್, ಅದೇ ಬಿಸಿಯ ನೀರಿನಿಂದ ಅರ್ಧ, ಆರು ಗಂಟೆ ಬಿಟ್ಟು ಮತ್ತೆ ಅರ್ಧ. ಫಿಲ್ಟರಿನಲ್ಲಿ ಹೊಸ ಸಕ್ರಿಯ ಇದ್ದಿಲು ಇಡಿ, ಏರ್ ಪಂಪನ್ನು ಪಕ್ಕದ ಕೋಣೆಗೆ ಸಾಗಿಸಿ ಕೊಳವೆ ಮಾತ್ರ ಎಳೆಯಿರಿ.

ಸಿಗಡಿ ದಿನಕ್ಕೊಂದು, ವಾರಗಟ್ಟಲೆ

ನಮ್ಮ ಕಲ್ಯಾಣ ಕರ್ನಾಟಕದ ಕಡೆ ಅತಿ ಹೆಚ್ಚು ಕಾಣುವ ದೋಷ ಇದು. ಅತಿ ಹೆಚ್ಚು ತಪ್ಪಾಗಿ ಓದುವುದೂ ಇದನ್ನೇ. ಸತ್ತ ಸಿಗಡಿಯ ಕುತ್ತಿಗೆಯ ಸುತ್ತ ಬಿಳಿ ಉಂಗುರ ಇದೆಯೇ ನೋಡಿ. ಇದ್ದರೆ ಪೊರೆ ಬಿರಿದಿದೆ, ಆದರೆ ಸಿಗಡಿಗೆ ಅದರಿಂದ ಹೊರಬರಲು ಆಗಿಲ್ಲ. ಪೊರೆಗೆ ಬೇಕಾದ ಸುಣ್ಣ, ಮೆಗ್ನೀಸಿಯಂ ಕಡಿಮೆಯಾಗಿರಬೇಕು, ಇಲ್ಲವೇ ನೀರು ಏಕಾಏಕಿ ಬದಲಾಗಿ ಸಿಗಡಿ ಹೊತ್ತಲ್ಲದ ಹೊತ್ತಿನಲ್ಲಿ ಪೊರೆ ಬಿಡಲು ಹೊರಟಿರಬೇಕು. ಇರಬೇಕಾದದ್ದು ಇಷ್ಟು: ಜಿಎಚ್ 6ರಿಂದ 12, ಕೆಎಚ್ 2ರಿಂದ 8, ಟಿಡಿಎಸ್ 150ರಿಂದ 300, ಪಿಎಚ್ 6.5ರಿಂದ 8, ನೈಟ್ರೇಟ್ 20ರ ಒಳಗೆ. ಇದಕ್ಕಿಂತ ಸ್ವಲ್ಪ ಗಡಸು ನೀರಿಗೂ ಚೆರ್ರಿ ಸಿಗಡಿ ಒಗ್ಗಿಕೊಳ್ಳುತ್ತದೆ, ದಿನಾ ಒಂದೇ ಥರ ಇದ್ದರೆ. ಏರಿಳಿತಕ್ಕೆ ಮಾತ್ರ ಒಗ್ಗುವುದಿಲ್ಲ.

ಏರಿಳಿತ ಎಲ್ಲಿಂದ ಬರುತ್ತದೆ? ನಲ್ಲಿ ನೀರು ಬಿಟ್ಟ ದಿನ ಸಂಪಿನಲ್ಲಿ ನದಿ ನೀರು, ಬಿಡದ ದಿನ ಬೋರ್ ನೀರು, ತೀರ ಕಡಿಮೆಯಾದರೆ ಟ್ಯಾಂಕರ್ ನೀರು. ಮೂರಕ್ಕೂ ಒಂದೇ ಸಂಪು. ಈ ವಾರ 300 ಇದ್ದ ಟಿಡಿಎಸ್ ಮುಂದಿನ ವಾರ 900 ಆದರೆ, ಅದೇ ನಲ್ಲಿಯಿಂದ ಕಾಲು ಟ್ಯಾಂಕು ಬದಲಿಸಿದವರಿಗೆ ಬಿಳಿ ಉಂಗುರ ಗ್ಯಾರಂಟಿ. ಪ್ರತಿ ಸಲ ಬಕೀಟಿಗೆ ಪೆನ್ ಅದ್ದಿ. ಟ್ಯಾಂಕಿಗೂ ಬಕೀಟಿಗೂ 50ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಆರ್‌ಒ ನೀರು ಬೆರೆಸಿ ಸರಿಮಾಡಿ. ಲೆಕ್ಕ ಸುಲಭ: ಬೋರ್ ನೀರಿನ ಜಿಎಚ್ 24 ಇದ್ದರೆ ಒಂದು ಕೊಡ ಬೋರ್ ನೀರಿಗೆ ಎರಡು ಕೊಡ ಆರ್‌ಒ ನೀರು ಸೇರಿಸಿದಾಗ 8 ಬರುತ್ತದೆ. ವಾರಕ್ಕೆ 5 ಲೀಟರಿನಿಂದ 7 ಲೀಟರ್ ಬದಲಿಸಿದರೆ ಸಾಕು, ಅದನ್ನೂ ಸಣ್ಣ ಕೊಳವೆಯಿಂದ ನಿಧಾನಕ್ಕೆ ಬಿಡಿ.

ಮೃದು ನೀರಿನ ಯಂತ್ರ, ಅಂದರೆ ಸಾಫ್ಟನರ್ ಇರುವ ಅಪಾರ್ಟ್‌ಮೆಂಟುಗಳಲ್ಲಿ ಪೆನ್ ಮೋಸ ಮಾಡುತ್ತದೆ. ಆ ಯಂತ್ರ ಸುಣ್ಣ ತೆಗೆದು ಸೋಡಿಯಂ ಕೊಡುತ್ತದೆ. ಟಿಡಿಎಸ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಜಿಎಚ್ ಸೊನ್ನೆಗೆ ಹತ್ತಿರ ಬಂದಿರುತ್ತದೆ. ಪೆನ್ 700 ತೋರಿಸಿ ಹನಿ ಕಿಟ್ ಮೊದಲ ಹನಿಗೇ ಬಣ್ಣ ಬದಲಿಸಿದರೆ ಇದೇ ಕಾರಣ. ಸಾಫ್ಟನರಿಗೆ ಹೋಗುವ ಮುಂಚಿನ ನಲ್ಲಿ ಹುಡುಕಿ ಆ ನೀರು ಬಳಸಿ.

ಬರೀ ಆರ್‌ಒ ನೀರು ತುಂಬಿಸಿದವರದ್ದೂ ಇದೇ ಪಾಡು. 50 ಲೀಟರಿನ ಜಿಎಚ್ 1 ಡಿಗ್ರಿ ಏರಿಸಲು ಸುಮಾರು 1.5 ಗ್ರಾಂ ಜಿಪ್ಸಂ ಪುಡಿ ಅಥವಾ 2.2 ಗ್ರಾಂ ಎಪ್ಸಂ ಉಪ್ಪು ಬೇಕು. ಸುಣ್ಣದ ಪಾಲು ಮೂರು, ಮೆಗ್ನೀಸಿಯಂ ಪಾಲು ಒಂದು ಇರುವಂತೆ ನೋಡಿಕೊಳ್ಳಿ. ಜಿಪ್ಸಂ ಬೇಗ ಕರಗದು, ಹಿಂದಿನ ದಿನವೇ ಬಕೀಟಿನಲ್ಲಿ ಕದಡಿಡಿ.

ಆರ್‌ಒ ಬೆರೆಸಿ 8ಕ್ಕೆ ತಂದ ಜಿಎಚ್ ವಾರದಲ್ಲಿ ಮತ್ತೆ 14ಕ್ಕೆ ಏರುತ್ತಿದ್ದರೆ ಟ್ಯಾಂಕಿನೊಳಗಿನ ಕಲ್ಲು ನೋಡಿ. ಶಹಾಬಾದ್ ಪರಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ, ಸುಣ್ಣದ ಕಲ್ಲು. ಸೇಡಂ, ಚಿತ್ತಾಪುರ ಕಡೆಯ ಸಿಮೆಂಟ್ ಕಾರ್ಖಾನೆಗಳು ಅರೆಯುವುದೂ ಸುಣ್ಣದ ಕಲ್ಲನ್ನೇ. ತುಂಡು ಪರಸಿ ಜೋಡಿಸಿದರೆ ನೋಡಲು ಬೆಟ್ಟದ ಪದರಿನಂತೆ ಚೆಂದ, ನೀರಿಗೆ ಮಾತ್ರ ದಿನವೂ ಸುಣ್ಣ ಬಿಡುತ್ತದೆ. ಗಿಡ ಬೆಳೆಯಲೆಂದು ಸಿಓಟು (ಇಂಗಾಲದ ಡೈಆಕ್ಸೈಡ್) ಗ್ಯಾಸ್ ಕೊಡುವ ಟ್ಯಾಂಕಿನಲ್ಲಿ ಇನ್ನೂ ಬೇಗ. ಒಣಗಿದ ಕಲ್ಲಿನ ಮೇಲೆ ವಿನೆಗರ್ ಹನಿಸಿ, ಗುಳ್ಳೆ ಎದ್ದರೆ ಹೊರಗೆ ಹಾಕಿ. ಟ್ಯಾಂಕಿನ ಕೆಳಗೆ ಹಾಸಿದ ಪರಸಿಯಿಂದ ತೊಂದರೆಯಿಲ್ಲ, ಅದರಷ್ಟು ಗಟ್ಟಿ ಆಧಾರ ಬೇರೆ ಸಿಗದು. ಯಾದಗಿರಿಯ ಗ್ರಾನೈಟ್ ಕಲ್ಲು ನಿರ್ಭಯವಾಗಿ ಬಳಸಿ. ಬೀದರಿನ ಕೆಂಪು ಜಂಬಿಟ್ಟಿಗೆ ನೀರನ್ನು ಗಡಸು ಮಾಡದು, ಆದರೆ ಉದುರಿ ರಾಡಿಯಾಗುತ್ತದೆ.

ಹೊಸದಾಗಿ ತಂದ ಸಿಗಡಿ ಮೊದಲ ಹತ್ತು ದಿನದಲ್ಲಿ ಒಂದೊಂದಾಗಿ ಸತ್ತರೆ ತಪ್ಪು ಬಿಟ್ಟ ರೀತಿಯಲ್ಲಿ. ಹೈದರಾಬಾದಿನಿಂದಲೋ ಸೋಲಾಪುರದಿಂದಲೋ ಬಂದ ಪೊಟ್ಟಣದ ನೀರಿಗೆ ಪೆನ್ ಅದ್ದಿ ನೋಡಿ, ನಿಮ್ಮ ನೀರಿಗೂ ಅದಕ್ಕೂ ಇನ್ನೂರು, ಮುನ್ನೂರು ಅಂತರ ಇರಬಹುದು. ಡಬ್ಬಿಗೆ ಸುರಿದು, ಗಂಟು ಹಾಕಿದ ಏರ್ ಕೊಳವೆಯಿಂದ ಸೆಕೆಂಡಿಗೆ ಎರಡು ಹನಿಯಂತೆ ಟ್ಯಾಂಕಿನ ನೀರು ಬಿಡುತ್ತ ಎರಡು ಗಂಟೆ ಕಾಯಿರಿ. ಪೊಟ್ಟಣ ತೇಲಿಸಿ ಕಾಲು ಗಂಟೆಗೆ ಸುರಿಯುವುದು ಮೀನಿಗೆ ನಡೆದೀತು, ಸಿಗಡಿಗಲ್ಲ.

ಏಪ್ರಿಲ್, ಮೇ

ನೀರು 22ರಿಂದ 26 ಡಿಗ್ರಿ ಇದ್ದರೆ ಸಿಗಡಿ ಗೆಲುವಾಗಿರುತ್ತದೆ. 28 ದಾಟಿದರೆ ಮರಿ ಕಡಿಮೆ, 30 ದಾಟಿದರೆ ಹೆಣ್ಣು ಹೊಟ್ಟೆಯಡಿಯ ಮೊಟ್ಟೆ ಉದುರಿಸುತ್ತದೆ, 32ರಲ್ಲಿ ಸಾವು ಶುರು. ಹೊರಗೆ 42 ಇರುವ ಊರಿನಲ್ಲಿ ಮಾಳಿಗೆ ಕೆಳಗಿನ ಕೋಣೆಯ ಟ್ಯಾಂಕು ಸಂಜೆ ಹೊತ್ತಿಗೆ 33 ಆಗುವುದು ದೊಡ್ಡ ಮಾತಲ್ಲ. ಗಪ್ಪಿ, ಮೋಲಿ ಅದನ್ನು ತಡೆಯುತ್ತವೆ, ಹಾಗಾಗಿ ಮೀನು ನೋಡಿ ಟ್ಯಾಂಕು ಸರಿಯಿದೆ ಎಂದುಕೊಳ್ಳಬೇಡಿ. ಗುರುತು: ಸಾವು ಸಂಜೆ ಮತ್ತು ರಾತ್ರಿ, ಬಿಳಿ ಉಂಗುರ ಇರುವುದಿಲ್ಲ, ಬದುಕಿದವು ಏರ್ ಕಲ್ಲಿನ ಹತ್ತಿರ ಗುಂಪುಗೂಡಿರುತ್ತವೆ. ಬಿಸಿ ಹೆಚ್ಚಿದಷ್ಟೂ ನೀರಿನಲ್ಲಿ ಆಮ್ಲಜನಕ ಕಡಿಮೆ. 25 ಡಿಗ್ರಿಯಲ್ಲಿ ಲೀಟರಿಗೆ 8.3 ಮಿಲಿಗ್ರಾಂ ಹಿಡಿಯುವ ನೀರು 35 ಡಿಗ್ರಿಯಲ್ಲಿ 6.9 ಮಾತ್ರ ಹಿಡಿಯುತ್ತದೆ.

ಮುಚ್ಚಳ ತೆಗೆದು ಬಲೆ ಹೊದಿಸಿ, ನೀರಿನ ಮೇಲ್ಮೈಗೆ ತಾಗುವಂತೆ ಸಣ್ಣ ಫ್ಯಾನ್ ಓರೆಯಾಗಿ ಇಡಿ. ಒಣ ಗಾಳಿಯ ಬೇಸಿಗೆಯಲ್ಲಿ 2ರಿಂದ 4 ಡಿಗ್ರಿ ಇಳಿಯುತ್ತದೆ. ಮಳೆಗಾಲ ಹಿಡಿದ ಮೇಲೆ ಅಷ್ಟು ಇಳಿಯದು, ಅಷ್ಟು ಬೇಕಾಗಿಯೂ ಇರುವುದಿಲ್ಲ. ಮಂಜುಗಡ್ಡೆ ಕಟ್ಟಿದ 1 ಲೀಟರ್ ಬಾಟಲಿ 50 ಲೀಟರ್ ನೀರನ್ನು ಸುಮಾರು 2 ಡಿಗ್ರಿ ಇಳಿಸುತ್ತದೆ, ಅರ್ಧ ಲೀಟರಿನದ್ದು 1 ಡಿಗ್ರಿ. ಒಮ್ಮೆಗೆ ಅರ್ಧ ಲೀಟರಿನದ್ದೇ ಸಾಕು, ಮಧ್ಯಾಹ್ನ ಒಂದು, ಸಂಜೆ ಒಂದು. ಲೈಟನ್ನು ಸಂಜೆ 6ರಿಂದ ರಾತ್ರಿ 12ಕ್ಕೆ ಬದಲಿಸಿ, ಬಿಸಿಲಿನ ಹೊತ್ತಿಗೆ ಅದರ ಶಾಖವಾದರೂ ಸೇರದಿರಲಿ. ಮಾಳಿಗೆ ಮೇಲಿನ ಕಪ್ಪು ಟಾಕಿಯ ನೀರನ್ನು ಹಗಲಲ್ಲಿ ಟ್ಯಾಂಕಿಗೆ ಬಿಡಬೇಡಿ. ಬೆಳಗಿನ ಜಾವ ಹಿಡಿದಿಟ್ಟುಕೊಳ್ಳಿ.

ಫ್ಯಾನಿನಿಂದ ಒಂದು ಹೊಸ ತೊಂದರೆಯೂ ಇದೆ. ದಿನಕ್ಕೆ ಸುಮಾರು 1 ಲೀಟರ್ ನೀರು ಆವಿಯಾಗುತ್ತದೆ, ಅದರಲ್ಲಿದ್ದ ಉಪ್ಪು, ಸುಣ್ಣ ಟ್ಯಾಂಕಿನಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟನ್ನು 600 ಟಿಡಿಎಸ್‌ನ ನೀರಿನಿಂದ ತುಂಬುತ್ತ ಹೋದರೆ ತಿಂಗಳಿಗೆ 18 ಗ್ರಾಂ ಉಪ್ಪು ಸೇರಿದಂತೆ. 50 ಲೀಟರಿನಲ್ಲಿ ಅದು 360 ಏರಿಕೆ. ಮೇ ತಿಂಗಳ ಶಾಖವನ್ನು ಗೆದ್ದ ಸಿಗಡಿ ಜೂನಿನಲ್ಲಿ ಬಿಳಿ ಉಂಗುರದಿಂದ ಸಾಯುವುದು ಇದಕ್ಕೇ. ಆವಿಯಾದಷ್ಟನ್ನು ಆರ್‌ಒ ನೀರಿನಿಂದಲೇ ತುಂಬಿ, ಬದಲಿಸುವ ನೀರು ಮಾತ್ರ ಬೆರಕೆಯದ್ದಾಗಿರಲಿ.

ಬೆಳಗ್ಗೆ ಎದ್ದಾಗ ಮೀನೆಲ್ಲ ಮೇಲೆ ಬಾಯಿ ಬಿಡುತ್ತಿವೆ

ಸಿಗಡಿಯೂ ಗಾಜು ಹತ್ತಿ ನೀರಿನ ಅಂಚಿಗೆ ಬಂದಿದ್ದರೆ ಉಸಿರು ಕಟ್ಟಿದೆ. ಹಗಲಲ್ಲಿ ಆಮ್ಲಜನಕ ಕೊಡುವ ಗಿಡ ರಾತ್ರಿ ತಾನೂ ಅದನ್ನೇ ಉಸಿರಾಡುತ್ತದೆ. ಗಿಡ ಹೆಚ್ಚಿದಷ್ಟೂ ಬೆಳಗಿನ ಜಾವದ ಕೊರತೆ ಹೆಚ್ಚು.

ಸಿಓಟು ಕೊಡುವವರು ಪಿಎಚ್, ಕೆಎಚ್ ಎರಡನ್ನೂ ಅಳೆಯಿರಿ. ಕೆಎಚ್ 10 ಇದ್ದು ಪಿಎಚ್ 7.0 ಆದರೆ ಲೀಟರಿಗೆ 30 ಮಿಲಿಗ್ರಾಂ ಸಿಓಟು, ಅದೇ ಮಿತಿ. ಪಿಎಚ್ 6.7ಕ್ಕೆ ಇಳಿದರೆ ಅದು 60. ಸಿಗಡಿ ಇರುವ ಟ್ಯಾಂಕಿಗೆ 20 ಸಾಕು. ಸಿಲಿಂಡರ್ ಇದ್ದರೆ ಟೈಮರ್ ಹಾಕಿ, ಲೈಟ್ ಆರುವ ಒಂದು ಗಂಟೆ ಮೊದಲೇ ನಿಲ್ಲಿಸಿ. ಮನೆಯಲ್ಲೇ ಸಿಓಟು ಮಾಡುವ ಸಕ್ಕರೆ, ಯೀಸ್ಟ್ ಬಾಟಲಿಗೆ ನಿಲ್ಲಿಸುವ ಗುಂಡಿ ಇಲ್ಲ. ಚಳಿಗಾಲದಲ್ಲಿ ಮೂರು ವಾರ ನಿಧಾನ ಗುಳ್ಳೆ ಬಿಡುತ್ತಿದ್ದ ಬಾಟಲಿ ನಮ್ಮ ಬೇಸಿಗೆಗೆ ಒಂದೇ ವಾರದಲ್ಲಿ ಎಲ್ಲವನ್ನೂ ಕಕ್ಕುತ್ತದೆ. ಮಾರ್ಚ್ ಬಂತೆಂದರೆ ಅದನ್ನು ಬಿಚ್ಚಿಡುವುದೇ ಸರಿ. ಇಲ್ಲವೇ ರಾತ್ರಿ ಕೊಳವೆ ತೆಗೆದು ಹೊರಗೆ ಬಿಡಿ. ಬಾಟಲಿಯ ಬಾಯಿ ಮುಚ್ಚಬೇಡಿ, ಒಡೆದೀತು.

ಗ್ಯಾಸ್ ಇಲ್ಲದ ಟ್ಯಾಂಕಾದರೆ ರಾತ್ರಿ ಕರೆಂಟ್ ಹೋಗಿತ್ತೇ ಕೇಳಿ. 3ರಿಂದ 5 ವ್ಯಾಟಿನ ಏರ್ ಪಂಪು ಇನ್ವರ್ಟರಿಗೆ ಭಾರವೇ ಅಲ್ಲ, ಅದಕ್ಕೊಂದು ಸ್ಪಂಜು ಫಿಲ್ಟರ್ ಜೋಡಿಸಿ. ಡಬ್ಬಿ ಫಿಲ್ಟರ್ ಕೆಲವು ಗಂಟೆ ನಿಂತಿದ್ದರೆ ಹಾಗೇ ಚಾಲೂ ಮಾಡಬೇಡಿ, ಒಳಗಿನ ಕೊಳೆತ ನೀರು ಚೆಲ್ಲಿ ಆಮೇಲೆ.

ನೀರು ಬದಲಿಸಿದ ಒಂದೆರಡು ಗಂಟೆಯಲ್ಲಿ ಎರಡೂ ಒದ್ದಾಟ

ಕ್ಲೋರಿನ್. ನಲ್ಲಿ ನೀರಿನಲ್ಲಿ ಲೀಟರಿಗೆ 0.2ರಿಂದ 1 ಮಿಲಿಗ್ರಾಂ ಇರುವುದು ಸಹಜ, ಸಂಪಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಅದರ ಹಲವು ಪಟ್ಟು. ಸೋಡಿಯಂ ಥಯೋಸಲ್ಫೇಟ್ ಹರಳು 10 ಗ್ರಾಂ ತಂದು 100 ಮಿಲಿ ನೀರಿನಲ್ಲಿ ಕರಗಿಸಿಡಿ. 10 ಲೀಟರ್ ಬಕೀಟಿಗೆ 1 ಮಿಲಿ ಹಾಕಿ ಕಲಕಿ ಐದು ನಿಮಿಷ ಬಿಟ್ಟರೆ ನಲ್ಲಿ ನೀರಿನ ಕ್ಲೋರಿನ್ ಹೋಗುತ್ತದೆ. ಬ್ಲೀಚಿಂಗ್ ಹಾಕಿದ ಸಂಪಿನ ನೀರನ್ನು ನಾಲ್ಕೈದು ದಿನ ಮುಟ್ಟದಿರುವುದೇ ಮೇಲು.

ಹೊಸ ಟ್ಯಾಂಕು, ಹೊಸ ಅಕ್ವಾ ಸಾಯಿಲ್ (ಗಿಡಕ್ಕೆಂದು ಮಾರುವ ಸಾರವುಳ್ಳ ಮಣ್ಣು) ಆದರೆ ಅಮೋನಿಯಾ ನೋಡಿ. ಆ ಮಣ್ಣು ಎರಡರಿಂದ ನಾಲ್ಕು ವಾರ ಅಮೋನಿಯಾ ಬಿಡುತ್ತದೆ. ಪಿಎಚ್ 7, 25 ಡಿಗ್ರಿಯಲ್ಲಿ ಅದರ ವಿಷದ ಪಾಲು ನೂರಕ್ಕೆ 0.6, ನಮ್ಮ ಗಡಸು ನೀರಿನ ಪಿಎಚ್ 8, ಬೇಸಿಗೆಯ 30 ಡಿಗ್ರಿಯಲ್ಲಿ 7.5. ಬೆಂಗಳೂರಿನವರ ಯಾವುದೋ ವಿಡಿಯೋದಲ್ಲಿ "ಸ್ವಲ್ಪ ಅಮೋನಿಯಾ ಪರವಾಗಿಲ್ಲ" ಎಂದದ್ದು ಇಲ್ಲಿಗೆ ಹೊಂದದಿರುವುದು ಈ ಕಾರಣಕ್ಕೆ. ಅಮೋನಿಯಾ, ನೈಟ್ರೈಟ್ ಎರಡೂ ಒಂದು ವಾರ ಸೊನ್ನೆಯಲ್ಲಿ ನಿಂತ ಮೇಲೆ ಮೀನು, ಗಾಜಿನ ಮೇಲೆ ಪಾಚಿ ಹಿಡಿದ ಮೇಲೆ ಸಿಗಡಿ.

ದೊಡ್ಡವು ಕ್ಷೇಮ, ಮರಿ ಮಾತ್ರ ಇಲ್ಲ

ಹೆಣ್ಣು ಮೊಟ್ಟೆ ಹೊತ್ತು ಮೂರ್ನಾಲ್ಕು ವಾರದಲ್ಲಿ 20, 30 ಮರಿ ಬಿಡುತ್ತದೆ, ಒಂದೊಂದು 2 ಮಿಲಿಮೀಟರ್. ಬಾಯಿಗೆ ಹಿಡಿಸಿದ್ದನ್ನು ಮೀನು ಬಿಡುವುದಿಲ್ಲ, ಅದು ದೋಷವಲ್ಲ, ಸ್ವಭಾವ. ಏಂಜೆಲ್, ಗೌರಾಮಿ, ಬೆಟ್ಟಾ, ಗೋಲ್ಡ್ ಫಿಶ್, ಲೋಚ್ ದೊಡ್ಡ ಸಿಗಡಿಯನ್ನೂ ಹರಿಯುತ್ತವೆ. ಪಿಗ್ಮಿ ಕೋರಿಡೋರಸ್, ಎಂಬರ್ ಟೆಟ್ರಾ ಸಾಧು, ಆದರೆ ಅವಕ್ಕೆ ಮೃದು ನೀರು ಬೇಕು. ಬೋರ್ ನೀರಿನವರಿಗೆ ಎಂಡ್ಲರ್ ಗಂಡು ಮೀನು ಐದಾರು ಒಳ್ಳೆಯ ರಾಜಿ: ಮರಿ ಕೆಲವನ್ನು ತಿಂದರೂ, ಎರಡು ಮುಷ್ಟಿ ಜಾವಾ ಪಾಚಿ ಮೂಲೆಯಲ್ಲಿ ಒತ್ತಾಗಿದ್ದರೆ ಸಂತತಿ ನಿಲ್ಲುವುದಿಲ್ಲ. ಅಮಾನೋ ಸಿಗಡಿ ಸಾಕಿ ಮರಿಗೆ ಕಾಯುವವರಿಗೆ ಮಾತ್ರ ಮರಿ ಬರದು, ಅದರ ಮರಿಗೆ ಉಪ್ಪು ನೀರು ಬೇಕು.

ಮೀನಿಲ್ಲದ ಟ್ಯಾಂಕಿನಲ್ಲೂ ಮರಿ ಉಳಿಯದಿದ್ದರೆ ರಾತ್ರಿ ದೀಪ ಆರಿಸಿ ಎರಡು ಗಂಟೆ ಬಿಟ್ಟು ಟಾರ್ಚ್ ಹಾಕಿ. ಗಾಜಿನ ಮೇಲೆ ಬಾಣದ ತಲೆಯ ಬಿಳಿ ಹುಳು ಜಾರುತ್ತಿದ್ದರೆ ಪ್ಲನೇರಿಯಾ, ಗಿಡದ ಬುಡದಲ್ಲಿ ಆರು ಕಾಲಿನ ಕಂದು ಜಂತು ಕೂತಿದ್ದರೆ ಗಿಡದ ಜೊತೆ ಬಂದ ಏರೋಪ್ಲೇನ್ ಚಿಟ್ಟೆಯ ಮರಿ. ಎರಡನೆಯದನ್ನು ಚಿಮುಟದಿಂದ ಹಿಡಿದು ತೆಗೆಯಿರಿ, ಮೊದಲನೆಯದಕ್ಕೆ ಮೇವು ಕಡಿಮೆ ಮಾಡುವುದೇ ಅರ್ಧ ಚಿಕಿತ್ಸೆ. ಸಿಗಡಿಗೆ ವಾರಕ್ಕೆ ಮೂರು ಸಲ, ಎರಡು ಗಂಟೆಯಲ್ಲಿ ಮುಗಿಸುವಷ್ಟು ಮೇವು ಸಾಕು. ಸಿಗಡಿಯ ಮೂಗಿನ ತುದಿಯಲ್ಲಿ ಬಿಳಿ ಕುಚ್ಚು (ಅಂಟಿಕೊಂಡು ಬದುಕುವ ಸಣ್ಣ ಹುಳು) ಕಂಡರೆ ಒಂದು ಲೋಟ ಟ್ಯಾಂಕಿನ ನೀರಿಗೆ ಅಯೋಡಿನ್ ಇಲ್ಲದ ಉಪ್ಪು ಒಂದು ದೊಡ್ಡ ಚಮಚ ಕರಗಿಸಿ, ಸಿಗಡಿಯನ್ನು ಅದರಲ್ಲಿ 30 ಸೆಕೆಂಡ್ ಅದ್ದಿ ವಾಪಸು ಬಿಡಿ.

ಸರಿಮಾಡಿದ ಮೇಲೆ ಖಾಲಿ ಟ್ಯಾಂಕು ನೋಡಿ ಕೈ ತುರಿಸುತ್ತದೆ. ತಡೆಯಿರಿ. ಸಿಗಡಿ ಪೊರೆ ಬಿಡುವುದು ಮೂರ್ನಾಲ್ಕು ವಾರಕ್ಕೊಮ್ಮೆ. ಅಷ್ಟು ದಿನ ದಿನಾ ಒಂದೇ ಹೊತ್ತಿಗೆ ಬಿಸಿ ಮತ್ತು ಟಿಡಿಎಸ್ ಬರೆದಿಡಿ. ಮೊದಲು ಐದೇ ಸಿಗಡಿ ಬಿಡಿ, ಐದೂ ಒಂದೊಂದು ಪೊರೆ ಕಳಚಿ ಉಳಿದರೆ ಉಳಿದವನ್ನು ತರಿಸಿ. ತರಿಸುವುದು ಬೇಸಿಗೆಯಲ್ಲಾದರೆ ರಾತ್ರಿ ಬಸ್ಸಿಗೆ ಹಾಕಿಸಿ, ಬೆಳಗ್ಗೆ ಎಂಟರೊಳಗೆ ಡಿಪೋದಿಂದ ಇಳಿಸಿಕೊಳ್ಳಿ.